ಕಲಿಯುವ ಬಗೆ, ಕಾಲೇಜಿನ ಆಯ್ಕೆ

(ಅಶೋಕಪುರಂನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಟ್ರಸ್ಟಿನ ನೆರವಿನಿಂದ ಬಿ.ಎಸ್ಸಿ. ಮುಗಿಸಿ ಈಗ ಬಿ.ಎಡ್. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತು. ಪೋಷಕರು ಕೇಳಿದ್ದರಿಂದ ಇಲ್ಲಿ ಪೂರ್ತಿಯಾಗಿ ಅಚ್ಚು ಮಾಡಿದ್ದೇವೆ.)

 

ಮಾನ್ಯ ಅಧ್ಯಕ್ಷರೇ, ಟ್ರಸ್ಟಿನ ಹಿರಿಯರೇ, ದಾನಿಗಳೇ, ಬೆಳಿಗ್ಗೆಯಿಂದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿರುವ ತಾಯಂದಿರೇ, ತಂದೆಯಂದಿರೇ,

ನನಗೆ ಕೊಟ್ಟಿರುವ ವಿಷಯಕ್ಕೆ ಎರಡು ಭಾಗ. ಮಗುವಿನ ಕಲಿಕೆಯ ಶೈಲಿ ಯಾವುದು ಎನ್ನುವುದು ಒಂದು. ಅದಕ್ಕೆ ಹೊಂದುವ ಕಾಲೇಜು, ವಿಶ್ವವಿದ್ಯಾಲಯ ಯಾವುದು ಎನ್ನುವುದು ಇನ್ನೊಂದು. ಮೊದಲನೆಯದು ಗೊತ್ತಾದರೆ ಎರಡನೆಯದು ತಾನಾಗಿಯೇ ಗೊತ್ತಾಗುತ್ತದೆ ಎನ್ನುವ ನಂಬಿಕೆ ಇದರ ಹಿಂದಿದೆ. ಈ ಸಾಲಿನ ನಮ್ಮ ಅರ್ಜಿಯಲ್ಲೂ ಹೊಸದಾಗಿ ಒಂದು ಕಾಲಂ ಬಂದಿದೆ: 'ವಿದ್ಯಾರ್ಥಿಯ ಕಲಿಕೆಯ ಶೈಲಿ – ದೃಶ್ಯ, ಶ್ರವಣ, ಚಟುವಟಿಕೆ'. ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದಾರೆ, ನನಗೆ ಗೊತ್ತು. ಆದರೂ ಆ ಕಾಲಂ ತೆಗೆದುಬಿಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇವತ್ತು ಮಾತಾಡಲು ಒಪ್ಪಿದ್ದು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಹೊತ್ತು ಬೇಕು, ಸಹಿಸಿಕೊಳ್ಳಿ.

ಎಸ್ಸೆಸ್ಸೆಲ್ಸಿ ಆದ ರಜೆಯಲ್ಲಿ ಒಂದು ಮಾರ್ಗದರ್ಶನ ಶಿಬಿರಕ್ಕೆ ಹೋಗಿದ್ದೆ. ಒಂದು ಹಾಳೆ ಕೊಟ್ಟರು. ನಿಮಗೆ ದಾರಿ ಹೇಳುವಾಗ ನಕ್ಷೆ ಬೇಕೋ, ಮಾತು ಸಾಕೋ? ಹೊಸ ಮಿಕ್ಸಿ ಬಂದರೆ ಪುಸ್ತಕ ಓದುತ್ತೀರೋ, ಗುಂಡಿ ಒತ್ತಿ ನೋಡುತ್ತೀರೋ? ಹೀಗೆ ಪ್ರಶ್ನೆಗಳು. ನಮ್ಮ ಮನೆಗೆ ಹೊಸ ಮಿಕ್ಸಿ ಬಂದದ್ದೇ ಇಲ್ಲ, ಏನೋ ಒಂದು ಗುರುತು ಹಾಕಿದೆ. ಕೊನೆಗೆ 'ನೀನು ಶ್ರವಣ ಶೈಲಿಯವಳು, ಕೇಳಿ ಕಲಿಯುತ್ತೀಯ' ಎಂದು ಬರೆದುಕೊಟ್ಟರು. ಅಮ್ಮಿಗೆ ಬಹಳ ಸಂತೋಷ. ಪಾಠ ಕೇಳಿದರೆ ಸಾಕು, ಗೈಡು, ಟ್ಯೂಷನ್ ಏನೂ ಬೇಡ ಅಂದುಕೊಂಡರು.

ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಮೊದಲ ತಿಂಗಳು ಭೌತವಿಜ್ಞಾನದ ತರಗತಿಯಲ್ಲಿ ಕೂತು ಕಿವಿಗೊಟ್ಟು ಕೇಳಿದೆ. ಒಂದಕ್ಷರ ಒಳಗೆ ಇಳಿಯಲಿಲ್ಲ. ಹತ್ತನೇ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. 'ಜಡತ್ವ' ನನಗೆ ಗೊತ್ತು, 'ಇನರ್ಷಿಯಾ' ಗೊತ್ತಿಲ್ಲ. 'ವೇಗೋತ್ಕರ್ಷ' ಗೊತ್ತು, 'ಆಕ್ಸಲರೇಷನ್' ಕೇಳಿದರೆ ಬೈಕು ನೆನಪಾಗುತ್ತದೆ. ನನ್ನ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ನನ್ನ ಶೈಲಿಯಲ್ಲೂ ದೋಷ ಇರಲಿಲ್ಲ. ದೋಷ ಇದ್ದದ್ದು ಆ ಹಾಳೆಯ ಪ್ರಶ್ನೆಗಳಲ್ಲಿ. ಈ ಹುಡುಗಿ ಯಾವ ಭಾಷೆಯಲ್ಲಿ ಓದಿದ್ದಾಳೆ, ಇನ್ನು ಮುಂದೆ ಯಾವ ಭಾಷೆಯಲ್ಲಿ ಓದಬೇಕು ಎಂದು ಅದರಲ್ಲಿ ಒಂದು ಕಡೆಯೂ ಕೇಳಿರಲಿಲ್ಲ.

ಈಗ ಬಿ.ಎಡ್.ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದುವಾಗ ಆ ಹಾಳೆಯ ಮೂಲ ಎಲ್ಲಿ ಎಂದು ಹುಡುಕಿದೆ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಎಂಬುವವರು ಶಾಲೆಗಳ ತಪಾಸಣೆ ಮಾಡುತ್ತಿದ್ದರು. ಒಳ್ಳೆಯ ಮೇಷ್ಟರ ಕೈಯಲ್ಲೂ ಕೆಲವು ಮಕ್ಕಳು ಯಾಕೆ ಕಲಿಯುವುದಿಲ್ಲ, ಸಾಧಾರಣ ಮೇಷ್ಟರ ಕೈಯಲ್ಲೂ ಕೆಲವರು ಯಾಕೆ ಕಲಿತುಬಿಡುತ್ತಾರೆ ಎಂಬುದು ಅವರ ತಲೆ ತಿಂದಿತ್ತು. ನೋಡಿ, ಕೇಳಿ, ಓದಿ ಬರೆದು, ಮಾಡಿ – ಹೀಗೆ ನಾಲ್ಕು ಬಗೆ ಮಾಡಿ ಒಂದು ಪ್ರಶ್ನಾವಳಿ ತಯಾರಿಸಿದರು. 1992ರಲ್ಲಿ ಅದು ಪ್ರಕಟವಾಯಿತು. ವಿದ್ಯಾರ್ಥಿಗೆ ಯಾವುದು ಇಷ್ಟ ಎಂದು ತಿಳಿಯುವುದಕ್ಕೆ, ಅವನ ಜೊತೆ ಓದಿನ ಬಗ್ಗೆ ಒಂದು ಮಾತು ಶುರು ಮಾಡುವುದಕ್ಕೆ ಅದು ಸಾಧನ. ಅಷ್ಟರಮಟ್ಟಿಗೆ ತಪ್ಪೇನಿಲ್ಲ. ಆದರೆ 'ಇಷ್ಟ' ಎನ್ನುವುದು ಊರಿಂದ ಊರಿಗೆ, ಶಿಬಿರದಿಂದ ಶಿಬಿರಕ್ಕೆ ಹೋಗುತ್ತಾ 'ಇವನ ಮೆದುಳೇ ಹೀಗೆ' ಎಂದಾಗಿಬಿಟ್ಟಿತು.

ಇದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ದಾರಿ ಕಷ್ಟದ್ದಲ್ಲ. 'ನೋಡಿ ಕಲಿಯುವ' ಮಕ್ಕಳನ್ನೂ 'ಕೇಳಿ ಕಲಿಯುವ' ಮಕ್ಕಳನ್ನೂ ಬೇರೆಮಾಡಿ. ಎರಡೂ ಗುಂಪಿನಲ್ಲಿ ಅರ್ಧ ಮಕ್ಕಳಿಗೆ ಚಿತ್ರ ತೋರಿಸಿ ಪಾಠ ಮಾಡಿ, ಉಳಿದರ್ಧಕ್ಕೆ ಮಾತಿನಲ್ಲಿ ಮಾಡಿ. ಎಲ್ಲರಿಗೂ ಒಂದೇ ಪರೀಕ್ಷೆ ಕೊಡಿ. ಶೈಲಿ ಎನ್ನುವುದು ನಿಜವಾದರೆ ನೋಡುವವರು ಚಿತ್ರದ ಪಾಠದಲ್ಲಿ ಮುಂದಿರಬೇಕು, ಕೇಳುವವರು ಮಾತಿನ ಪಾಠದಲ್ಲಿ ಮುಂದಿರಬೇಕು. 2008ರಲ್ಲಿ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು – ಪ್ಯಾಶ್ಲರ್, ಮೆಕ್‌ಡೇನಿಯಲ್, ರೋರರ್, ಬ್ಯೋರ್ಕ್ – ಅದುವರೆಗಿನ ಅಧ್ಯಯನಗಳನ್ನೆಲ್ಲ ತೆಗೆದು ನೋಡಿದರು. ಹೀಗೆ ಸರಿಯಾಗಿ ಪರೀಕ್ಷೆ ಮಾಡಿದ ಅಧ್ಯಯನಗಳೇ ತೀರಾ ಕಡಿಮೆ, ಮಾಡಿದವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾಗಿವೆ, ಇದನ್ನು ನಂಬಿ ಶಾಲೆ ನಡೆಸುವಷ್ಟು ಆಧಾರ ಇಲ್ಲ ಎಂದು ಹೇಳಿದರು. ಇನ್ನು ಕೆಲವರು ಹಾರ್ವರ್ಡಿನ ಹೊವರ್ಡ್ ಗಾರ್ಡ್‌ನರ್ ಹೆಸರು ಹೇಳುತ್ತಾರೆ. ಅವರು 1983ರಲ್ಲಿ ಬರೆದದ್ದು ಬುದ್ಧಿ ಒಂದೇ ಅಲ್ಲ, ಹಲವು ಬಗೆ ಎಂಬುದರ ಬಗ್ಗೆ. ಅದಕ್ಕೂ ಕಲಿಕೆಯ ಶೈಲಿಗೂ ಗಂಟು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ.

ಇಷ್ಟು ದೂರ ಹೋಗಬೇಕಾಗಿಯೇ ಇಲ್ಲ ಅನ್ನಿ. ನಾವು ಕೂತಿರುವ ಈ ಅಶೋಕಪುರಂನ ರೈಲ್ವೆ ಕಾರ್ಯಾಗಾರಕ್ಕೆ ಐಟಿಐ ಮುಗಿಸಿದ ಹುಡುಗರು ಅಪ್ರೆಂಟಿಸ್ ಆಗಿ ಹೋಗುತ್ತಾರೆ. ರಿಪೇರಿಗೆ ಬಂದ ಬೋಗಿಯ ಕೆಲಸ ಕಲಿಯುವಾಗ ಡ್ರಾಯಿಂಗ್ ಓದಲು ಕಣ್ಣು ಬೇಕು. ಬೇರಿಂಗ್ ಸದ್ದು ಮಾಡುತ್ತಿದೆಯೇ ಎಂದು ತಿಳಿಯಲು ಕಿವಿ ಬೇಕು. ವೆಲ್ಡಿಂಗಿಗೆ ಕೈ ಬೇಕು. 'ಸಾರ್, ನಾನು ಶ್ರವಣ ಶೈಲಿಯವನು, ವೆಲ್ಡಿಂಗನ್ನು ಹೇಳಿಕೊಡಿ ಸಾಕು' ಅಂದರೆ ಮೇಸ್ತ್ರಿ ಏನು ಹೇಳಿಯಾರು? ಕಲಿಯುವ ವಿಷಯ ಹೇಗಿದೆಯೋ ಕಲಿಯುವ ಬಗೆಯೂ ಹಾಗೆಯೇ. ಭೂಪಟವನ್ನು ಎಲ್ಲರೂ ಕಣ್ಣಿಂದಲೇ ಕಲಿಯಬೇಕು. ಕಿರಾತನ್ನು ಎಲ್ಲರೂ ಕಿವಿಯಿಂದಲೇ ಕಲಿಯಬೇಕು.

ಕಿರಾತ್ ಅಂದಾಗ ನೆನಪಾಯಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬ ಹಾಫಿಜ್ ಇದ್ದಾರೆ. ನನ್ನ ಚಿಕ್ಕಪ್ಪನ ಮಗ ಹಿಫ್ಜ್ ಮಾಡುತ್ತಿದ್ದಾಗ ಅವನ ದಿನಚರಿ ನೋಡಿದ್ದೇನೆ. ಬೆಳಗಿನ ಜಾವ ಎದ್ದು ಹೊಸ ಸಬಕ್ ಬಾಯಿಪಾಠ ಮಾಡಿ ಉಸ್ತಾದರಿಗೆ ಒಪ್ಪಿಸುತ್ತಿದ್ದ. ಆಮೇಲೆ ಸಬಕ್ ಪಾರಾ, ಅಂದರೆ ಈಚಿನ ದಿನಗಳಲ್ಲಿ ಕಲಿತದ್ದು. ಮಧ್ಯಾಹ್ನದ ಮೇಲೆ ಆಮೂಖ್ತಾ, ಅಂದರೆ ಹಳೆಯದು. ಮೂರನ್ನೂ ಮುಸ್‌ಹಫ್ ಮುಚ್ಚಿಟ್ಟು ಒಪ್ಪಿಸಬೇಕು. ತಪ್ಪಿದ ಕಡೆ ಉಸ್ತಾದರು ತಡೆಯುತ್ತಿದ್ದರು, ಅವನು ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದ. 30 ಪಾರಾ ಹೀಗೇ ಒಳಗೆ ಇಳಿಯುತ್ತವೆ. ನೀನು ಯಾವ ಶೈಲಿಯವನು ಎಂದು ಯಾವ ಉಸ್ತಾದರೂ ಕೇಳಿದ್ದಿಲ್ಲ. ಚುರುಕಿನ ಹುಡುಗ ಎರಡು ವರ್ಷಕ್ಕೆ ಮುಗಿಸಬಹುದು, ಇನ್ನೊಬ್ಬನಿಗೆ ನಾಲ್ಕು ವರ್ಷ ಹಿಡಿಯಬಹುದು, ಕ್ರಮ ಮಾತ್ರ ಒಂದೇ.

ಇದೇ ಕ್ರಮವನ್ನು ಪ್ರಯೋಗಶಾಲೆಯಲ್ಲಿ ಇಟ್ಟು ನೋಡಿದವರೂ ಇದ್ದಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು: ನೂರಕ್ಕೆ 81, ಇವರದು 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಎರಡು ಸಲ ಓದಿದವರಿಗೆ ನೆನಪಿದ್ದದ್ದು 42, ಮುಚ್ಚಿಟ್ಟು ಬರೆದವರಿಗೆ 56. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ತಿರುಗಿಸಿ ಹಾಕುವ ನಮ್ಮ ಮಕ್ಕಳಿಗೆ ಎಲ್ಲ ಗೊತ್ತಾದಂತೆ ಕಾಣುವುದು ಯಾಕೆ, ಹಾಲ್ ಟಿಕೆಟ್ ಹಿಡಿದು ಕೂತಾಗ ಅದು ಹಾರಿಹೋಗುವುದು ಯಾಕೆ ಎಂಬುದಕ್ಕೆ ಇಲ್ಲಿ ಉತ್ತರ ಇದೆ.

ನನ್ನ ಮಟ್ಟಿಗೆ ಉಸ್ತಾದರ ಜಾಗದಲ್ಲಿ ಇದ್ದವರು ಅಮ್ಮಿ. ಅವರು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ಸಂಜೆ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಆ ದಿನದ ಪಾಠವನ್ನು ನಾನು ನಮ್ಮ ಮನೆಮಾತಲ್ಲಿ, ದಖನಿಯಲ್ಲಿ, ಅವರಿಗೆ ಹೇಳಬೇಕು. ಅವರು ಎಲೆಯಿಂದ ಕಣ್ಣು ತೆಗೆಯದೆ 'ಕೈಕು?' ಅನ್ನುತ್ತಿದ್ದರು. ಯಾಕೆ ಅಂತ. ಬಸ್ಸು ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ಬೀಳುತ್ತೇವೆ ಅಂದರೆ 'ಕೈಕು?' ದೇಹ ಚಲಿಸುತ್ತಲೇ ಇರುತ್ತದೆ ಅಂದರೆ ಮತ್ತೆ 'ಕೈಕು?' ಮೂರನೇ 'ಕೈಕು'ಗೆ ನನ್ನ ಬಂಡವಾಳ ಖಾಲಿ. ಮರುದಿನ ಅದನ್ನು ಲೆಕ್ಚರರ್ ಹತ್ತಿರ ಹೋಗಿ ಕೇಳಿಕೊಂಡು ಬರಬೇಕು. ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದನ್ನು ಕನ್ನಡದ ಪುಸ್ತಕದಲ್ಲಿ ಹುಡುಕಿ, ದಖನಿಯಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಬರೆಯುವುದು. ಒಂದೂವರೆ ವರ್ಷ ಹೀಗೆ ನಡೆಯಿತು. ಇಲ್ಲಿ ಕೂತಿರುವ ತಾಯಂದಿರಲ್ಲಿ ಎಷ್ಟೋ ಜನ 'ನಮಗೆ ಓದು ಬರುವುದಿಲ್ಲ, ಮಕ್ಕಳಿಗೆ ಏನು ಹೇಳಿಕೊಡುವುದು' ಅನ್ನುತ್ತೀರಿ. ಹೇಳಿಕೊಡುವುದು ಬೇಡ, ಕೇಳಿ ಸಾಕು.

ಬಾನು ಮುಷ್ತಾಕ್ ಅವರ ಹೆಸರು ಈಗ ಎಲ್ಲರಿಗೂ ಗೊತ್ತು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು, ಅದೇ ವರ್ಷ ನಮ್ಮ ಮೈಸೂರಿನ ದಸರಾ ಉದ್ಘಾಟನೆಗೂ ಬಂದರು. ಎಂಟು ವರ್ಷದ ಹುಡುಗಿಯಾಗಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಒಂದು ಷರತ್ತಿನ ಮೇಲೆ: ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರಂತೆ. ನಿಸಾರ್ ಅಹಮದ್ ಅವರು ಓದಿದ್ದು, ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ, ನಾಡು ಅವರನ್ನು ನೆನೆಯುವುದು ಕವಿಯೆಂದು. ಆ ಕಾಲದಲ್ಲಿ ಈ ಹಾಳೆ ಇದ್ದಿದ್ದರೆ ಇವರಿಗೆ ಏನು ಬರೆದುಕೊಡುತ್ತಿದ್ದರೋ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಗ ಮಗುವಿನ ಹತ್ತೂ ಬೆರಳಿನ ಅಚ್ಚು ತೆಗೆದು, ಬಣ್ಣದ ಪುಸ್ತಕ ಮಾಡಿ, 'ನಿಮ್ಮ ಮಗ ಇಂಥ ಕೋರ್ಸಿಗೆ ಸರಿ' ಎಂದು ಹೇಳುವವರು ಬಂದಿದ್ದಾರೆ. ಸಾವಿರಗಟ್ಟಲೆ ಹಣ ಕೇಳುತ್ತಾರೆ. ಬೆರಳ ಗೆರೆ ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ, ಸಾಯುವವರೆಗೂ ಹಾಗೇ ಇರುತ್ತದೆ. ಮಗು ಹತ್ತು ವರ್ಷದಲ್ಲಿ ಏನು ಓದಿತು, ಯಾರು ಕಲಿಸಿದರು, ಏನು ಇಷ್ಟಪಟ್ಟಿತು ಎಂಬುದೆಲ್ಲ ಆ ಗೆರೆಯಲ್ಲಿ ಎಲ್ಲಿಂದ ಬರಬೇಕು? ಅಂಗೈ ನೋಡಿ ಭವಿಷ್ಯ ಹೇಳುವುದನ್ನು ನಾವು ನಂಬುವುದಿಲ್ಲ ಅನ್ನುತ್ತೇವಲ್ಲ, ಬೆರಳ ತುದಿ ನೋಡಿ ಹೇಳಿದರೆ ಮಾತ್ರ ಯಾಕೆ ನಂಬಬೇಕು? ಆ ದುಡ್ಡಿನಲ್ಲಿ ಒಂದು ಒಳ್ಳೆಯ ನಿಘಂಟು ಕೊಡಿಸಿ, ಉಳಿದದ್ದು ಪುಸ್ತಕಕ್ಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. 'ಇವನು ಕೈಯಿಂದ ಕಲಿಯುವವನು' ಎಂಬ ಚೀಟಿ ಬಡವರ ಮನೆಯ ಹುಡುಗನಿಗೆ ಸಿಕ್ಕರೆ ಅವನನ್ನು ಗ್ಯಾರೇಜಿಗೆ ಕಳಿಸುತ್ತಾರೆ. ಅದೇ ಚೀಟಿ ಉಳ್ಳವರ ಮನೆಯ ಹುಡುಗನಿಗೆ ಸಿಕ್ಕರೆ ಸರ್ಜನ್ ಆಗುತ್ತಾನೆ ಅನ್ನುತ್ತಾರೆ.

ಇನ್ನು ವಿಶ್ವವಿದ್ಯಾಲಯದ ಆಯ್ಕೆ.

ನಮ್ಮ ಊರಿನ ಪುಣ್ಯ, ನೋಡಲು ದೂರ ಹೋಗಬೇಕಾಗಿಲ್ಲ. 1916ರವರೆಗೆ ಇಲ್ಲಿನ ಮಕ್ಕಳು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುತ್ತಿದ್ದರು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳು, ಮಾನಸಗಂಗೋತ್ರಿ, ಆ ಕಡೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ವಾಕ್ ಶ್ರವಣ ಸಂಸ್ಥೆ, ಮುಕ್ತ ವಿಶ್ವವಿದ್ಯಾಲಯ. ಇಷ್ಟಿದ್ದೂ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸೇರುವುದು ಅಕ್ಕಪಕ್ಕದ ಮನೆಯವರು ಸೇರಿದ ಕಾಲೇಜಿಗೆ, ಅವರು ತೆಗೆದುಕೊಂಡ ಕೋರ್ಸಿಗೆ. ವಾಕ್ ಶ್ರವಣ ಸಂಸ್ಥೆಯ ಮುಂದೆ ಬಸ್ಸಿನಲ್ಲಿ ಸಾವಿರ ಸಲ ಹೋಗಿದ್ದರೂ ಅಲ್ಲಿ ಮಾತು ಮತ್ತು ಕಿವಿಯ ಚಿಕಿತ್ಸೆಗೆ ಪದವಿ ಕೋರ್ಸ್ ಇದೆ ಎಂದು ನನಗೆ ಗೊತ್ತಾದದ್ದು ಡಿಗ್ರಿಯ ಎರಡನೇ ವರ್ಷದಲ್ಲಿ, ಅದೂ ಬಸ್ಸಲ್ಲಿ ಸಿಕ್ಕ ಒಬ್ಬ ವಿದ್ಯಾರ್ಥಿನಿಯಿಂದ. ಮೇಷ್ಟರಾಗಬೇಕು ಅನ್ನುವವರಿಗೆ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದ ಕೂಡಲೇ ನಾಲ್ಕು ವರ್ಷದ ಕೋರ್ಸಿದೆ, ಪದವಿ ಮತ್ತು ಬಿ.ಎಡ್. ಒಟ್ಟಿಗೇ ಮುಗಿಯುತ್ತವೆ. ಅಂಗಳದಲ್ಲೇ ಶಾಲೆಯಿದೆ, ಪಾಠ ಮಾಡಿ ಕಲಿಯಬಹುದು. ಪ್ರವೇಶ ಪರೀಕ್ಷೆ ಬರೆಯಬೇಕು, ಅದರ ಅರ್ಜಿಯ ದಿನಾಂಕ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಮುಗಿದಿರುತ್ತದೆ.

ಸೇರುವ ಮುಂಚೆ ಒಂದು ದಿನ ಆ ಕಾಲೇಜಿಗೆ ಹೋಗಿ. ಕಟ್ಟಡ ನೋಡಬೇಡಿ, ಕಟ್ಟಡ ಜಾಹೀರಾತಿನಲ್ಲೇ ಇದೆ. ಎರಡನೇ ವರ್ಷದ ವಿದ್ಯಾರ್ಥಿಯನ್ನು ಹಿಡಿದು ಕೇಳಿ: ವಾರಕ್ಕೆ ಎಷ್ಟು ಗಂಟೆ ಲ್ಯಾಬು? ಒಂದು ಉಪಕರಣಕ್ಕೆ ಎಷ್ಟು ಜನ? ಲೈಬ್ರರಿಯಿಂದ ಪುಸ್ತಕ ಮನೆಗೆ ಕೊಡುತ್ತಾರೋ? ಪಾಠ ಅರ್ಥವಾಗದಿದ್ದರೆ ತರಗತಿ ಆದ ಮೇಲೆ ಹೋಗಿ ಕೇಳಿದರೆ ಲೆಕ್ಚರರ್ ಹೇಳಿಕೊಡುತ್ತಾರೋ, ಇಲ್ಲ ಟ್ಯೂಷನ್ನಿಗೆ ಬಾ ಅನ್ನುತ್ತಾರೋ? ಈ ಕೊನೆಯ ಪ್ರಶ್ನೆಗೆ ವಿದ್ಯಾರ್ಥಿ ನಕ್ಕರೆ ಉತ್ತರ ಸಿಕ್ಕಂತೆ.

ಮಾಧ್ಯಮದ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಕಲಾ ವಿಭಾಗದ ಅನೇಕ ವಿಷಯಗಳನ್ನು ಪದವಿಯಲ್ಲಿ ಕನ್ನಡದಲ್ಲೇ ಬರೆಯಬಹುದು. ಕುವೆಂಪು ಅವರು 1956ರಿಂದ 60ರವರೆಗೆ ಇಲ್ಲಿ ಕುಲಪತಿಗಳಾಗಿದ್ದಾಗ ಪದವಿ ಮಟ್ಟಕ್ಕೂ ಕನ್ನಡ ಬರಬೇಕೆಂದು ಹಟ ಹಿಡಿದವರು. ಅದರ ಫಲ ಉಂಡವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ವಿಜ್ಞಾನಕ್ಕೆ ಆ ಅನುಕೂಲ ಇಲ್ಲ. ಆದ್ದರಿಂದ ಕನ್ನಡ ಅಥವಾ ಉರ್ದು ಮಾಧ್ಯಮದಿಂದ ವಿಜ್ಞಾನಕ್ಕೆ ಹೋಗುವ ಮಗುವಿಗೆ ಮೊದಲ ಆರು ತಿಂಗಳು ಕಷ್ಟವೇ. ಹೋಗಬೇಡಿ ಅನ್ನುತ್ತಿಲ್ಲ. ನಾನೇ ಹೋದವಳು. ಕಷ್ಟ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಮಗುವಿಗೆ ದಡ್ಡ ಅನ್ನುವ ಹೆಸರು ಬರುವುದಿಲ್ಲ. ಇನ್ನೊಂದು ವಿಷಯ, ನಮ್ಮವರಿಗೆ ಗೊತ್ತಿಲ್ಲದ್ದು: ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇಕಡ 5, ಗ್ರಾಮೀಣ ಶಾಲೆಯವರಿಗೆ ಶೇಕಡ 15 ಮೀಸಲು ಇದೆ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಮುಸ್ಲಿಂ ಮಗುವಿಗೂ ಅದು ಸಲ್ಲುತ್ತದೆ. '2ಬಿ' ಸರ್ಟಿಫಿಕೇಟಿಗೆ ನಾಡಕಚೇರಿಯಲ್ಲಿ ಸಾಲು ನಿಲ್ಲುವ ನಾವು, ಶಾಲೆಯಿಂದ ಈ ವ್ಯಾಸಂಗ ಪ್ರಮಾಣಪತ್ರ ಬರೆಸಿ ಬಿಇಒ ಸಹಿ ಮಾಡಿಸಲು ಮರೆಯುತ್ತೇವೆ.

ಪದವಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಎಂದೂ ಕೇಳಿ. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳಿಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಾದವು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚುವ ಮಾತೂ ಎದ್ದಿತು. ಪದವಿಯೇ 2021ರಲ್ಲಿ ನಾಲ್ಕು ವರ್ಷದ ಕ್ರಮಕ್ಕೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ಒಮ್ಮೆ ನಿಂತುಹೋಗಿ 2018ರಲ್ಲಿ ಯುಜಿಸಿಯಿಂದ ಮತ್ತೆ ಸಿಕ್ಕಿತು. ಮಧ್ಯದ ವರ್ಷಗಳಲ್ಲಿ ಸೇರಿದ್ದವರು ಪಟ್ಟ ಪಾಡು ಸಣ್ಣದಲ್ಲ. ಮದುವೆಯಾಗಿಯೂ ಓದಬೇಕೆನ್ನುವ ನಮ್ಮ ಅಕ್ಕಂದಿರಿಗೆ, ಕೆಲಸ ಬಿಡಲಾಗದ ಅಣ್ಣಂದಿರಿಗೆ ಅದು ದೊಡ್ಡ ಬಾಗಿಲು. ನಾನು ಹೇಳುವುದಿಷ್ಟೇ: ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲೇ ನೋಡಿ. ಏಜೆಂಟರ ಮಾತು ಸಾಲದು.

ಹೆಣ್ಣುಮಕ್ಕಳ ಮನೆಯವರು ಕೇಳುವ ಮೊದಲ ಪ್ರಶ್ನೆ 2022ರಿಂದ ಈಚೆಗೆ ಬೇರೆಯೇ ಆಗಿದೆ, ಎಲ್ಲರಿಗೂ ಗೊತ್ತು. ಸಮವಸ್ತ್ರದ ಆದೇಶ ಬಂತು, ಹೈಕೋರ್ಟಿನ ತೀರ್ಪು ಬಂತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆಯಾಯಿತು. ನನ್ನ ಜೊತೆ ಓದುತ್ತಿದ್ದ ಒಬ್ಬಳು ಆ ವರ್ಷ ಬಿಟ್ಟ ಓದನ್ನು ಮತ್ತೆ ಹಿಡಿಯಲೇ ಇಲ್ಲ. ನನ್ನ ಸಲಹೆ, ಸೇರುವ ಮುಂಚೆಯೇ ಆಫೀಸಿನಲ್ಲಿ ನೇರವಾಗಿ ಕೇಳಿ, ಅವರ ನಿಯಮವನ್ನು ಓದಿ, ಮನೆಯಲ್ಲಿ ಕೂತು ಮಾತಾಡಿ. ಆ ಮಾತುಕತೆಯಲ್ಲಿ ಹುಡುಗಿಯನ್ನೂ ಕೂರಿಸಿಕೊಳ್ಳಿ. ದೂರದ ಪ್ರಶ್ನೆ ಮಾತ್ರ ಸ್ವಲ್ಪ ಹಗುರಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ನಂಜನಗೂಡಿನಿಂದ ಮೈಸೂರಿಗೆ ಓದಲು ಬರುವ ಹುಡುಗಿಗೆ ಈಗ ಬೇಕಾಗಿರುವುದು ಬಸ್ ಚಾರ್ಜಲ್ಲ, 'ಹೋಗಿ ಬಾ' ಎನ್ನುವ ಒಂದು ಮಾತು.

ಈಗ ದಾನಿಗಳ ಕಡೆ ತಿರುಗುತ್ತೇನೆ. ನಿಮ್ಮ ಜಕಾತ್, ನಿಮ್ಮ ದೇಣಿಗೆಯಿಂದ ಓದಿದವಳು ನಾನು. ಕೃತಜ್ಞತೆಯನ್ನು ಬಾಯಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ಅದಕ್ಕೇ ಒಂದು ಕಷ್ಟದ ಮಾತನ್ನೂ ಹೇಳುತ್ತೇನೆ.

ಈ ಬಡಾವಣೆಯ ಬೀದಿ ಬೀದಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರ ಚಿತ್ರವಿದೆ. 1913ರಲ್ಲಿ ಬರೋಡದ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ ಅವರು ಅಮೆರಿಕಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದು ಶುರು ಮಾಡಿದರು. 1917ರಲ್ಲಿ ವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ದುಡಿದು, ಉಳಿಸಿ, ಕೊಲ್ಲಾಪುರದ ಶಾಹು ಮಹಾರಾಜರ ನೆರವು ಪಡೆದು, ಗೆಳೆಯರೊಬ್ಬರಿಂದ ಸಾಲ ತಂದು 1920ರಲ್ಲಿ ಮತ್ತೆ ಹೋದರು. ಡಿ.ಎಸ್ಸಿ. ಆದದ್ದು 1923ರಲ್ಲಿ. ಅಂಥವರಿಗೇ ವೇತನ ನಿಂತದ್ದರಿಂದ ಮೂರು ವರ್ಷ ಹೋಯಿತು. ನಮ್ಮಂಥವರು ಮಧ್ಯದಲ್ಲಿ ನಿಂತರೆ ಮತ್ತೆ ಹೋಗುವುದೇ ಇಲ್ಲ.

ನಮ್ಮ ಟ್ರಸ್ಟ್ ಪ್ರತಿ ವರ್ಷ ಹೊಸದಾಗಿ ಅರ್ಜಿ ಕರೆಯುತ್ತದೆ, ಹಿಂದಿನ ವರ್ಷದ ಅಂಕ ನೋಡಿ ಮುಂದುವರಿಸುತ್ತದೆ. ಹಣ ಪೋಲಾಗಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ಮನೆಯಲ್ಲಿ ಏನು ನಡೆಯುತ್ತದೆ ಹೇಳುತ್ತೇನೆ. ಎರಡನೇ ವರ್ಷ ದುಡ್ಡು ಬರುತ್ತದೋ ಇಲ್ಲವೋ ಗೊತ್ತಿಲ್ಲದ ತಂದೆ, ಮಗಳು ನಾಲ್ಕು ವರ್ಷದ ಕೋರ್ಸು ಕೇಳಿದರೆ ಮೂರು ವರ್ಷದ್ದು ನೋಡು ಅನ್ನುತ್ತಾನೆ. ಮೂರು ವರ್ಷದ್ದು ಕೇಳಿದರೆ ಒಂದು ವರ್ಷದ ಡಿಪ್ಲೊಮಾ ನೋಡು ಅನ್ನುತ್ತಾನೆ. ಅಲ್ಲಿ ಮಗಳ ಶೈಲಿಯೂ ಇಲ್ಲ, ಆಸಕ್ತಿಯೂ ಇಲ್ಲ, ಭಯ ಒಂದೇ ಇರುವುದು. ಅಂಕದ ವಿಷಯದಲ್ಲೂ ಹಾಗೆಯೇ. ಮಾಧ್ಯಮ ಬದಲಾದ ಮಗುವಿನ ಮೊದಲ ಸೆಮಿಸ್ಟರ್ ಫಲಿತಾಂಶ ಇಳಿದೇ ಇಳಿಯುತ್ತದೆ. ನನ್ನದೂ ಇಳಿದಿತ್ತು. ಆ ವರ್ಷ ಕಮಿಟಿಯಲ್ಲಿದ್ದ ಒಬ್ಬ ಹಿರಿಯರು 'ಇನ್ನೊಂದು ವರ್ಷ ನೋಡೋಣ' ಅಂದದ್ದರಿಂದ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ನನ್ನ ಜೊತೆ ಸೇರಿದವರಲ್ಲಿ ಎಲ್ಲರಿಗೂ ಹಾಗೆ ಅನ್ನುವವರು ಸಿಗಲಿಲ್ಲ.

ಹಾಗಾಗಿ ನನ್ನ ಕೋರಿಕೆ ಇದು. ವರ್ಷಕ್ಕೆ ನಲವತ್ತು ಮಕ್ಕಳಿಗೆ ಕೊಡುವ ಬದಲು ಮೂವತ್ತಕ್ಕೆ ಕೊಡಿ ಅಂದರೆ ನಿಮಗೂ ಕಷ್ಟ, ಹೊರಗೆ ನಿಲ್ಲುವ ಹತ್ತು ಮನೆಗಳಿಗೂ ಕಷ್ಟ. ಅದು ನನಗೆ ಗೊತ್ತು. ಆದರೂ ಒಮ್ಮೆ ಆರಿಸಿದ ಮಗುವಿಗೆ ಕೋರ್ಸ್ ಮುಗಿಯುವವರೆಗೆ ಕೊಡುತ್ತೇವೆ ಎಂದು ಮೊದಲ ದಿನವೇ ಕಾಗದದಲ್ಲಿ ಬರೆದುಕೊಡಿ. ಮೊದಲ ಎರಡು ಸೆಮಿಸ್ಟರಿನ ಅಂಕ ಲೆಕ್ಕಕ್ಕೆ ಬೇಡ, ಹಾಜರಿ ನೋಡಿ ಸಾಕು. ಮಗು ದಿನಾ ಹೋಗುತ್ತಿದೆ ಅಂದರೆ ಅದು ಕಷ್ಟಪಡುತ್ತಿದೆ ಎಂದೇ ಅರ್ಥ. ಮತ್ತು ಅರ್ಜಿಯ ಆ ಹೊಸ ಕಾಲಮ್ಮಿನಲ್ಲಿ ಕಲಿಕೆಯ ಶೈಲಿ ಕೇಳುವ ಬದಲು ಹೀಗೆ ಕೇಳಿ: ಈವರೆಗೆ ಓದಿದ ಮಾಧ್ಯಮ ಯಾವುದು, ಇನ್ನು ಓದಬೇಕಾದ ಮಾಧ್ಯಮ ಯಾವುದು, ಮನೆಯಲ್ಲಿ ಸಂಜೆ ಕೂತು ಓದಲು ಜಾಗ ಇದೆಯೇ, ಸಂಜೆ ಕೆಲಸಕ್ಕೆ ಹೋಗಬೇಕಾಗಿದೆಯೇ. ಎರಡೂ ಮಾಧ್ಯಮ ಬೇರೆ ಎಂದು ಬರೆದ ಮಕ್ಕಳಿಗೆ ಪಿಯುಸಿ ಶುರುವಾಗುವ ಮುಂಚಿನ ರಜೆಯಲ್ಲಿ ವಿಜ್ಞಾನ, ಗಣಿತದ ಇಂಗ್ಲಿಷ್ ಪದಗಳನ್ನು ಹೇಳಿಕೊಡುವ ಕೆಲಸ ನಾನು ಮಾಡುತ್ತೇನೆ. ನನ್ನ ಜೊತೆಗೆ ಇನ್ನಿಬ್ಬರು ಹಳೆಯ ವಿದ್ಯಾರ್ಥಿಗಳು ಒಪ್ಪಿದ್ದಾರೆ. ನಮಗೆ ಒಂದು ಕೋಣೆ, ಒಂದು ಬೋರ್ಡು ಕೊಟ್ಟರೆ ಸಾಕು. ಸಂಬಳ ಬೇಡ. ಚಹಾ ಕೊಟ್ಟರೆ ಬೇಡ ಅನ್ನುವುದಿಲ್ಲ.

ಈ ವರ್ಷದ ಅರ್ಜಿಗಳು ಹೊರಗಿನ ಮೇಜಿನ ಮೇಲಿವೆ. ತುಂಬುವಾಗ ಮಗುವಿನ ಹೆಸರು ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ 'ಬೇಗಂ' ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿಯೂ ನಿಲ್ಲುತ್ತದೆ, ಈಗಲೇ ಸರಿಮಾಡಿಸಿ. ಅಸರ್ ನಮಾಜಿನವರೆಗೆ ನಾನು ಆ ಮೇಜಿನ ಹತ್ತಿರವೇ ಇರುತ್ತೇನೆ. ಕಾಲೇಜಿನ ಬಗ್ಗೆ ಕೇಳುವುದಿದ್ದರೆ ಬನ್ನಿ, ಮಗುವನ್ನೂ ಕರೆದುಕೊಂಡು ಬನ್ನಿ. ಹೆಣ್ಣುಮಕ್ಕಳ ಬಗ್ಗೆ ಕೇಳುವವರು ಅಮ್ಮಿಯ ಹತ್ತಿರವೂ ಮಾತಾಡಬಹುದು, ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅವರು ನಿಮ್ಮನ್ನೂ 'ಕೈಕು' ಅಂತ ಕೇಳಬಹುದು, ಬೇಸರ ಮಾಡಿಕೊಳ್ಳಬೇಡಿ.